ಹಾರ್ಮೋನಿನ ಪಾಠಕ್ಕೂ ವರ್ಣತಂತುವಿನ ಪಾಠಕ್ಕೂ ನಡುವೆ ಬಿಟ್ಟುಹೋದ ಪುಟಗಳು: ಜೀವಶಾಸ್ತ್ರ ಪಠ್ಯ ರೂಪಿಸುವವರಿಗೆ ಒಂದು ಬಹಿರಂಗ ಪತ್ರ

ಪದವಿಪೂರ್ವ ಜೀವಶಾಸ್ತ್ರದ ಪಠ್ಯವನ್ನೂ ಬೋಧನಾ ಕೈಪಿಡಿಯನ್ನೂ ರೂಪಿಸುವ ಸಮಿತಿಗಳ ಮಾನ್ಯ ಸದಸ್ಯರಿಗೆ,

ವಂದನೆಗಳು.

ನಮ್ಮ ವಿದ್ಯಾರ್ಥಿಗಳಿಗೆ ಗಂಡು ಹೆಣ್ಣಿನ ಜೈವಿಕ ವ್ಯತ್ಯಾಸದ ವಿಷಯ ಬೇರೆ ಬೇರೆ ಅಧ್ಯಾಯಗಳಲ್ಲಿ ಚದುರಿಹೋಗಿ ಸಿಗುತ್ತದೆ. ನಿರ್ನಾಳ ಗ್ರಂಥಿಗಳ ಪಾಠದಲ್ಲಿ ವೃಷಣವು ಟೆಸ್ಟೋಸ್ಟೆರಾನನ್ನೂ ಅಂಡಾಶಯವು ಈಸ್ಟ್ರೋಜೆನನ್ನೂ ಸ್ರವಿಸುತ್ತದೆ ಎಂದು ಓದುತ್ತಾರೆ. ಅನುವಂಶೀಯತೆಯ ಪಾಠದಲ್ಲಿ ಮನುಷ್ಯರ ಎಕ್ಸ್‌ಎಕ್ಸ್ (ಹೆಣ್ಣು) ಮತ್ತು ಎಕ್ಸ್‌ವೈ (ಗಂಡು) ವರ್ಣತಂತುಗಳು, ಹಕ್ಕಿಗಳ ಝಡ್‌ಝಡ್ (ಗಂಡು) ಮತ್ತು ಝಡ್‌ಡಬ್ಲ್ಯೂ (ಹೆಣ್ಣು), ವರ್ಣಾಂಧತೆ, ಲಿಂಗ ವರ್ಣತಂತುಗಳ ಸಂಖ್ಯೆ ಹೆಚ್ಚುಕಡಿಮೆಯಾಗುವ ಟರ್ನರ್ ಮತ್ತು ಕ್ಲೈನ್‌ಫೆಲ್ಟರ್ ಸಿಂಡ್ರೋಮ್‌ಗಳು ಬರುತ್ತವೆ. ನರಮಂಡಲದ ಪಾಠದಲ್ಲಿ ಮಿದುಳಿನ ಚಿತ್ರ ಬರೆದು ಭಾಗಗಳನ್ನು ಗುರುತಿಸುತ್ತಾರೆ. ಆ ಮಿದುಳು ಗಂಡಿನದೋ ಹೆಣ್ಣಿನದೋ, ಅದರಿಂದ ಏನಾದರೂ ವ್ಯತ್ಯಾಸವಾಗುತ್ತದೆಯೋ ಎಂಬ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ. ಈ ಮೂರು ಪಾಠಗಳು ಒಂದನ್ನೊಂದು ಸಂಧಿಸದೆ ಎರಡು ವರ್ಷ ಮುಗಿದುಹೋಗುತ್ತವೆ.

ಪಠ್ಯ ಹೇಳದೆ ಬಿಟ್ಟದ್ದನ್ನು ವಿದ್ಯಾರ್ಥಿಗಳು ತಾವೇ ತುಂಬಿಕೊಳ್ಳುತ್ತಾರೆ. ವರ್ಣತಂತುವಿನ ಕೆಲಸ ವೃಷಣವೋ ಅಂಡಾಶಯವೋ ಎಂದು ತೀರ್ಮಾನಿಸುವಲ್ಲಿಗೆ ಮುಗಿಯಿತು, ಅಲ್ಲಿಂದಾಚೆಗೆ ಎಲ್ಲವೂ ಹಾರ್ಮೋನಿನ ಆಟ ಎಂಬ ತಿಳಿವಳಿಕೆ ಅವರಲ್ಲಿ ಗಟ್ಟಿಯಾಗುತ್ತದೆ. ತರಗತಿಯಿಂದ ಹೊರಬಂದರೆ ಹುಡುಗರ ಮಿದುಳು ಗಣಿತಕ್ಕೆ, ಹುಡುಗಿಯರ ಮಿದುಳು ಭಾಷೆಗೆ ಎಂದು ಧೈರ್ಯವಾಗಿ ಹೇಳುವ ಭಾಷಣಕಾರರು ಸಿಗುತ್ತಾರೆ; ಅದಕ್ಕೆ ರೋಸಿಹೋಗಿ, ಮಿದುಳಿನಲ್ಲಿ ಯಾವ ಭೇದವೂ ಇಲ್ಲ, ಎಲ್ಲವೂ ಸಮಾಜ ಕಲಿಸಿದ್ದು ಎಂದು ಅಷ್ಟೇ ಧೈರ್ಯದಿಂದ ಹೇಳುವವರೂ ಸಿಗುತ್ತಾರೆ. ಈ ಎರಡು ಮಾತುಗಳಿಗೂ ಪ್ರಯೋಗಗಳ ಆಧಾರ ಸಾಲದು. ಕಳೆದ ಆರೇಳು ದಶಕಗಳ ಸಂಶೋಧನೆ ತೋರಿಸಿರುವ ಚಿತ್ರ ಇವೆರಡಕ್ಕಿಂತ ಹೆಚ್ಚು ಸಂಕೀರ್ಣವಾದದ್ದು ಮತ್ತು, ಪಾಠ ಹೇಳುವವಳಾಗಿ ನನಗನ್ನಿಸುವಂತೆ, ಹೆಚ್ಚು ಸ್ವಾರಸ್ಯವಾದದ್ದು. ಅದನ್ನು ವಿವರಿಸುವ ನಾಲ್ಕೈದು ಪುಟಗಳನ್ನು ಮುಂದಿನ ಪರಿಷ್ಕರಣೆಯಲ್ಲಿ ಸೇರಿಸಬೇಕೆಂದು ಕೋರುವುದಕ್ಕಾಗಿ ಈ ಪತ್ರ. ಆ ಪುಟಗಳಲ್ಲಿ ಏನಿರಬೇಕೆಂದು ನಾನು ಭಾವಿಸುತ್ತೇನೋ ಅದನ್ನು ಇಲ್ಲಿಯೇ ವಿವರವಾಗಿ ಹೇಳುತ್ತೇನೆ.

ಹಾರ್ಮೋನಿನಿಂದಲೇ ಆರಂಭಿಸುವುದು ಸರಿ, ಏಕೆಂದರೆ ಚರಿತ್ರೆ ಆರಂಭವಾದದ್ದೂ ಅಲ್ಲಿಂದಲೇ. ಫ್ರಾನ್ಸಿನ ಆಲ್ಫ್ರೆಡ್ ಜೋಸ್ಟ್ 1940ರ ದಶಕದಲ್ಲಿ ಮೊಲದ ಭ್ರೂಣಗಳ ಜನನಗ್ರಂಥಿಯನ್ನು (ವೃಷಣ ಅಥವಾ ಅಂಡಾಶಯವನ್ನು) ತಾಯಿಯ ಗರ್ಭದಲ್ಲಿರುವಾಗಲೇ ತೆಗೆದುಹಾಕಿ, ಅಂಥ ಭ್ರೂಣಗಳ ವರ್ಣತಂತು ಯಾವುದೇ ಇದ್ದರೂ ಅವುಗಳ ಸಂತಾನಾಂಗದ ನಾಳಗಳು ಹೆಣ್ಣಿನಂತೆಯೇ ಬೆಳೆಯುತ್ತವೆಂದು ತೋರಿಸಿದರು. ವೃಷಣದ ಸ್ರಾವವೇ ದೇಹವನ್ನು ಗಂಡಿನ ದಿಕ್ಕಿಗೆ ತಿರುಗಿಸುತ್ತದೆ ಎಂಬುದು ಅದರಿಂದ ಖಚಿತವಾಯಿತು. ಇದೇ ಮಾತು ಮಿದುಳಿಗೂ ಅನ್ವಯಿಸೀತೆ ಎಂದು ಕೇಳಿದ್ದು ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದ ಫೀನಿಕ್ಸ್, ಗೋಯ್, ಗೆರಾಲ್ ಮತ್ತು ಯಂಗ್ ಅವರ ತಂಡ. ಅವರು ಬಸಿರಿ ಗಿನಿಯಿಲಿಗಳಿಗೆ ಟೆಸ್ಟೋಸ್ಟೆರಾನ್ ಚುಚ್ಚುಮದ್ದು ಕೊಟ್ಟರು. ಹುಟ್ಟಿದ ಹೆಣ್ಣುಮರಿಗಳು ಬೆಳೆದು ದೊಡ್ಡವಾದ ಮೇಲೆ ಹೆಣ್ಣಿನ ಹಾರ್ಮೋನುಗಳನ್ನು ಕೊಟ್ಟರೂ ಹೆಣ್ಣಿನ ಕೂಡುವ ಭಂಗಿಯನ್ನು ಅವು ಸರಿಯಾಗಿ ತೋರಲಿಲ್ಲ. ಟೆಸ್ಟೋಸ್ಟೆರಾನ್ ಕೊಟ್ಟಾಗ ಗಂಡಿನಂತೆ ಮೇಲೇರುವ ವರ್ತನೆಯನ್ನು ಸಾಮಾನ್ಯ ಹೆಣ್ಣುಗಳಿಗಿಂತ ಹೆಚ್ಚಾಗಿ ತೋರಿದವು. ಅದೇ ಹಾರ್ಮೋನನ್ನು ದೊಡ್ಡ ಹೆಣ್ಣುಗಳಿಗೆ ಕೊಟ್ಟಾಗ ಇಂಥ ಶಾಶ್ವತ ಬದಲಾವಣೆ ಆಗುತ್ತಿರಲಿಲ್ಲ. ಗರ್ಭಾವಸ್ಥೆಯ ಹಾರ್ಮೋನು ಮಿದುಳನ್ನು ಒಂದು ರೀತಿಯಲ್ಲಿ ಸಂಘಟಿಸಿಡುತ್ತದೆ, ಪ್ರೌಢಾವಸ್ಥೆಯ ಹಾರ್ಮೋನು ಆ ಸಂಘಟನೆಯನ್ನು ಚಾಲನೆಗೊಳಿಸುತ್ತದೆ ಎಂಬ ಇಂದಿನ ಮೂಲಸೂತ್ರ 1959ರ ಆ ಪ್ರಬಂಧದಿಂದ ಬಂದದ್ದು.

ಇಲ್ಲಿಗೇ ನಿಲ್ಲಿಸಿದರೆ ಪಾಠ ಸುಲಭವಾಗುತ್ತದೆ, ಆದರೆ ಅರ್ಧವಾಗುತ್ತದೆ. ಇಲಿಗಳ ಮಿದುಳಿನಲ್ಲಿ ಈ ಕೆಲಸದ ಬಹುಪಾಲನ್ನು ಮಾಡುವುದು ನೇರವಾಗಿ ಟೆಸ್ಟೋಸ್ಟೆರಾನ್ ಅಲ್ಲ. ಮಿದುಳಿನ ಕೋಶಗಳೊಳಗೆ ಆರೊಮಟೇಸ್ ಎಂಬ ಕಿಣ್ವವಿದ್ದು, ಅದು ಟೆಸ್ಟೋಸ್ಟೆರಾನನ್ನು ಎಸ್ಟ್ರಾಡಿಯೋಲ್ ಎಂಬ ಈಸ್ಟ್ರೋಜೆನ್ ಆಗಿ, ಅಂದರೆ ನಮ್ಮ ಪುಸ್ತಕಗಳು ಹೆಣ್ಣಿನ ಹಾರ್ಮೋನು ಎಂದು ಕರೆಯುವ ವಸ್ತುವಾಗಿ, ಪರಿವರ್ತಿಸುತ್ತದೆ. ಗಂಡಿಲಿಯ ಮಿದುಳನ್ನು ಗಂಡಾಗಿಸುವುದು ಬಹುಮಟ್ಟಿಗೆ ಈ ಎಸ್ಟ್ರಾಡಿಯೋಲ್. ಹಾಗಿದ್ದರೆ ತಾಯಿಯ ರಕ್ತದಲ್ಲಿ ತುಂಬಿರುವ ಈಸ್ಟ್ರೋಜೆನ್ ಹೆಣ್ಣು ಭ್ರೂಣಗಳ ಮಿದುಳನ್ನೆಲ್ಲ ಗಂಡಾಗಿಸಬೇಕಿತ್ತಲ್ಲ ಎಂದು ಚುರುಕಾದ ವಿದ್ಯಾರ್ಥಿಗಳು ಕೇಳಿಯೇ ಕೇಳುತ್ತಾರೆ. ಇಲಿಯ ಭ್ರೂಣದ ರಕ್ತದಲ್ಲಿರುವ ಆಲ್ಫಾ ಫೀಟೊಪ್ರೋಟೀನ್ ಈ ಈಸ್ಟ್ರೋಜೆನನ್ನು ಹಿಡಿದಿಟ್ಟುಕೊಂಡು ಅದು ಮಿದುಳನ್ನು ಮುಟ್ಟದಂತೆ ಕಾಯುತ್ತದೆ. ಈ ಪ್ರೋಟೀನಿನ ವಂಶವಾಹಿಯನ್ನು ನಿಷ್ಕ್ರಿಯಗೊಳಿಸಿದ ಹೆಣ್ಣಿಲಿಗಳು ಗಂಡಿನ ವರ್ತನೆ ತೋರುತ್ತವೆಂದು 2006ರಲ್ಲಿ ಪ್ರಕಟವಾದ ಪ್ರಯೋಗ ಹೇಳಿತು. ಒಂದು ಹಾರ್ಮೋನನ್ನು ಗಂಡಿನದು, ಇನ್ನೊಂದನ್ನು ಹೆಣ್ಣಿನದು ಎಂದು ಹಂಚಿಬಿಡುವ ನಮ್ಮ ಕೋಷ್ಟಕಗಳನ್ನು ತಿದ್ದಲು ಇದೊಂದು ಉದಾಹರಣೆಯೇ ಸಾಕು.

ಒಂದೇ ಹಾರ್ಮೋನು ಎಲ್ಲ ಕಡೆ ಒಂದೇ ಕೆಲಸ ಮಾಡುವುದಿಲ್ಲ ಎಂಬುದೂ ಪುಟದಲ್ಲಿ ಇರಬೇಕು. 1978ರಲ್ಲಿ ರೋಜರ್ ಗೋರ್ಸ್ಕಿ ಮತ್ತು ಸಂಗಡಿಗರು ಇಲಿಯ ಮಿದುಳಿನ ತಳದಲ್ಲಿರುವ ಹೈಪೊಥಲಾಮಸ್‌ನ ಮುಂಭಾಗದಲ್ಲಿ ಗಂಡಿನಲ್ಲಿ ಹೆಣ್ಣಿಗಿಂತ ಹಲವು ಪಟ್ಟು ದೊಡ್ಡದಾಗಿರುವ ಒಂದು ನರಕೋಶ ಸಮೂಹವನ್ನು ಗುರುತಿಸಿದರು. ಅಲ್ಲಿ ಹಾರ್ಮೋನು ಸಾಯಬೇಕಿದ್ದ ಕೋಶಗಳನ್ನು ಉಳಿಸುತ್ತದೆ. ಅದಕ್ಕೆ ತೀರ ಹತ್ತಿರದ ಇನ್ನೊಂದು ಸಮೂಹ ಹೆಣ್ಣಿನಲ್ಲೇ ದೊಡ್ಡದು. ಅಲ್ಲಿ ಅದೇ ಹಾರ್ಮೋನು ಕೋಶಗಳನ್ನು ಸಾಯಿಸುತ್ತದೆ. ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಮಾರ್ಗರೆಟ್ ಮೆಕಾರ್ಥಿ ಅವರ ಪ್ರಯೋಗಾಲಯ ಮತ್ತೊಂದು ದಾರಿಯನ್ನು ತೋರಿಸಿತು: ಎಳೆಯ ಗಂಡಿಲಿಯಲ್ಲಿ ಎಸ್ಟ್ರಾಡಿಯೋಲ್‌ನಿಂದ ಪ್ರೊಸ್ಟಗ್ಲಾಂಡಿನ್ ಹೆಚ್ಚುತ್ತದೆ, ಮಿದುಳಿನಲ್ಲಿ ನೆಲೆಸಿರುವ ರೋಗನಿರೋಧಕ ಕೋಶಗಳಾದ ಮೈಕ್ರೋಗ್ಲಿಯಾ ಅದರಲ್ಲಿ ಪಾಲ್ಗೊಳ್ಳುತ್ತವೆ, ನರಕೋಶಗಳ ನಡುವಣ ಸಂಪರ್ಕಕ್ಕೆ ನೆರವಾಗುವ ಮುಳ್ಳಿನಂಥ ಚಾಚುಗಳು ದಟ್ಟವಾಗುತ್ತವೆ. ಜ್ವರ, ಉರಿಯೂತಗಳ ಪಾಠದಲ್ಲಷ್ಟೇ ಕೇಳಿದ್ದ ಪ್ರೊಸ್ಟಗ್ಲಾಂಡಿನ್ ಮಿದುಳಿನ ಲಿಂಗಭೇದದ ಪಾಠಕ್ಕೂ ಬರುತ್ತದೆ ಎಂದರೆ ವಿದ್ಯಾರ್ಥಿಗಳು ಖಂಡಿತ ಕಿವಿಗೊಡುತ್ತಾರೆ.

ಹಾರ್ಮೋನಿನಿಂದ ಎಲ್ಲವನ್ನೂ ವಿವರಿಸಲಾಗದು ಎಂಬ ಸಂದೇಹ ಬಲವಾದದ್ದು ಹಕ್ಕಿಗಳಿಂದ. ಜೀಬ್ರಾ ಫಿಂಚ್ ಎಂಬ ಪುಟ್ಟ ಹಕ್ಕಿಯಲ್ಲಿ ಹಾಡುವುದು ಗಂಡು ಮಾತ್ರ, ಮತ್ತು ಹಾಡಿಗೆ ಬೇಕಾದ ಮಿದುಳಿನ ಭಾಗಗಳು ಗಂಡಿನಲ್ಲಿ ಬರಿಗಣ್ಣಿಗೆ ಕಾಣುವಷ್ಟು ದೊಡ್ಡವು. ಫರ್ನಾಂಡೊ ನಾಟೆಬೋಮ್ ಮತ್ತು ಆರ್ಥರ್ ಆರ್ನಾಲ್ಡ್ ಇದನ್ನು 1976ರಲ್ಲಿ ವರದಿ ಮಾಡಿದರು. ಎಳೆಯ ಹೆಣ್ಣುಹಕ್ಕಿಗೆ ಈಸ್ಟ್ರೋಜೆನ್ ಕೊಟ್ಟರೆ ಆ ಭಾಗಗಳು ಗಂಡಿನ ರೀತಿಗೆ ತಿರುಗುವುದರಿಂದ ಇದೂ ಹಾರ್ಮೋನಿನ ಕಥೆಯೇ ಎಂದು ಮೊದಲು ತೋರಿತು. ಆದರೆ 1996ರಲ್ಲಿ ಜೂಲಿ ವೇಡ್ ಮತ್ತು ಆರ್ನಾಲ್ಡ್ ತಳಿಯಿಂದ ಹೆಣ್ಣಾದ ಮರಿಗಳಲ್ಲಿ ವೃಷಣದ ಅಂಗಾಂಶ ಬೆಳೆಯುವಂತೆ ಮಾಡಿದಾಗ, ವೃಷಣ ಇದ್ದೂ ಅವುಗಳ ಹಾಡಿನ ಮಿದುಳು ಹೆಣ್ಣಿನದಾಗಿಯೇ ಉಳಿಯಿತು. ಅಷ್ಟಕ್ಕೇ ಮುಗಿಯಲಿಲ್ಲ. 2003ರಲ್ಲಿ ವರದಿಯಾದ ಒಂದು ಹಕ್ಕಿ ಬಲಗಡೆ ಗಂಡು, ಎಡಗಡೆ ಹೆಣ್ಣು: ಬಲಕ್ಕೆ ಗಂಡಿನ ಗರಿಗಳು ಮತ್ತು ವೃಷಣ, ಎಡಕ್ಕೆ ಹೆಣ್ಣಿನ ಗರಿಗಳು ಮತ್ತು ಅಂಡಾಶಯ. ಒಂದೇ ಹೃದಯ ಎರಡೂ ಕಡೆಗೆ ಒಂದೇ ರಕ್ತವನ್ನು, ಅಂದರೆ ಒಂದೇ ಹಾರ್ಮೋನುಗಳನ್ನು, ಹರಿಸುತ್ತಿತ್ತು. ಆದರೂ ಬಲಭಾಗದ ಹಾಡಿನ ಕೇಂದ್ರ ಎಡಭಾಗದ್ದಕ್ಕಿಂತ ಹೆಚ್ಚು ಗಂಡಿನಂತಿತ್ತು. ಮಿದುಳಿನ ಕೋಶಗಳೊಳಗಿನ ವರ್ಣತಂತುಗಳೇ ಈ ವ್ಯತ್ಯಾಸಕ್ಕೆ ಕಾರಣವಾಗಿರಬೇಕು. ಎಡಭಾಗವೂ ಸಾಮಾನ್ಯ ಹೆಣ್ಣುಹಕ್ಕಿಯದಕ್ಕಿಂತ ಸ್ವಲ್ಪ ಗಂಡಿನ ಕಡೆಗೇ ವಾಲಿತ್ತು ಎಂಬುದನ್ನೂ ಹೇಳಬೇಕು. ರಕ್ತದಲ್ಲೋ ಮಿದುಳಿನೊಳಗೋ ಹರಡಿದ ಯಾವುದೋ ಸ್ರಾವದ ಕೈವಾಡವೂ ಅದರಲ್ಲಿರಬೇಕು. ಹಕ್ಕಿಗಳ ಝಡ್‌ಝಡ್, ಝಡ್‌ಡಬ್ಲ್ಯೂಗಳನ್ನು ನಮ್ಮ ಮಕ್ಕಳು ಹೇಗೂ ಬಾಯಿಪಾಠ ಮಾಡುತ್ತಾರೆ. ಆ ಅಕ್ಷರಗಳು ಏನು ಮಾಡಬಲ್ಲವು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಸಸ್ತನಿಗಳಲ್ಲಿ ಇದನ್ನು ಬಿಡಿಸಿ ನೋಡುವುದು ಕಷ್ಟ, ಏಕೆಂದರೆ ಎಕ್ಸ್‌ವೈ ಇದ್ದಲ್ಲಿ ವೃಷಣವೂ ಇರುತ್ತದೆ. ಯಾವುದರಿಂದ ಏನಾಯಿತು ಎಂದು ಹೇಳುವುದು ಹೇಗೆ? ವೃಷಣವನ್ನು ರೂಪಿಸುವ ಎಸ್‌ಆರ್‌ವೈ ವಂಶವಾಹಿಯನ್ನು 1990ರಲ್ಲಿ ಲಂಡನ್ನಿನ ಸಂಶೋಧಕರು ಗುರುತಿಸಿದ ಮೇಲೆ ಅದಕ್ಕೊಂದು ಉಪಾಯ ಸಿಕ್ಕಿತು. ವೈ ವರ್ಣತಂತುವಿನಿಂದ ಆ ವಂಶವಾಹಿ ತಪ್ಪಿಹೋದ ಇಲಿಯನ್ನು ತೆಗೆದುಕೊಂಡು, ಅದೇ ವಂಶವಾಹಿಯನ್ನು ಲಿಂಗಕ್ಕೆ ಸಂಬಂಧವಿಲ್ಲದ ಬೇರೊಂದು ವರ್ಣತಂತುವಿನಲ್ಲಿ ಸೇರಿಸಿದರು. ಹೀಗೆ ಪಡೆದ ತಳಿಯಲ್ಲಿ ನಾಲ್ಕು ಬಗೆಯ ಇಲಿಗಳು ಹುಟ್ಟುತ್ತವೆ: ಅಂಡಾಶಯವಿರುವ ಎಕ್ಸ್‌ಎಕ್ಸ್, ವೃಷಣವಿರುವ ಎಕ್ಸ್‌ಎಕ್ಸ್, ಅಂಡಾಶಯವಿರುವ ಎಕ್ಸ್‌ವೈ, ವೃಷಣವಿರುವ ಎಕ್ಸ್‌ವೈ. ಪಾಲ್ ಬರ್ಗಾಯ್ನ್, ರಾಬಿನ್ ಲವೆಲ್ ಬ್ಯಾಜ್, ಆರ್ನಾಲ್ಡ್, ಗೀರ್ಟ್ ಡಿ ವ್ರೀಸ್ ಮೊದಲಾದವರ ಕೆಲಸವಾಗಿ 2002ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಮಿದುಳಿನ ಮತ್ತು ವರ್ತನೆಯ ಹೆಚ್ಚಿನ ಲಕ್ಷಣಗಳು ಜನನಗ್ರಂಥಿಯನ್ನೇ ಅನುಸರಿಸಿದವು; ಅಂದರೆ ಹಳೆಯ ಹಾರ್ಮೋನಿನ ಸಿದ್ಧಾಂತ ಬಹುಪಾಲು ಗೆದ್ದಿತು. ಆದರೆ ಮಿದುಳಿನ ಸೆಪ್ಟಮ್ ಎಂಬ ಭಾಗದಲ್ಲಿ, ವಾಸೊಪ್ರೆಸಿನ್ ಎಂಬ ಹಾರ್ಮೋನನ್ನು ಸಂದೇಶವಾಹಕವಾಗಿ ಬಳಸುವ ನರತಂತುಗಳ ಸಾಂದ್ರತೆಯಲ್ಲಿ ವರ್ಣತಂತುವಿನ ಪ್ರಭಾವವೂ ಕಂಡಿತು. ಆಮೇಲೆ ಅಭ್ಯಾಸ ರೂಢಿಯಾಗುವ ಬಗೆ, ನೋವಿನ ಸಂವೇದನೆ, ದೇಹದ ತೂಕ ಇವುಗಳಲ್ಲಿಯೂ ಅಂಥ ಪ್ರಭಾವಗಳು ವರದಿಯಾದವು. ಈ ತಳಿಯನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ: ವ್ಯಾಪಕವಾಗಿ ಬಳಕೆಯಲ್ಲಿರುವ ಅದರ ಒಂದು ಶಾಖೆಯಲ್ಲಿ ಎಕ್ಸ್ ವರ್ಣತಂತುವಿನ ಒಂದು ತುಂಡು ವೈಗೆ ಅಂಟಿಕೊಂಡಿದೆ ಎಂದು 2024ರಲ್ಲಿ ಪತ್ತೆಯಾಗಿ, ಹಲವು ಫಲಿತಾಂಶಗಳನ್ನು ಮರುಪರಿಶೀಲಿಸಬೇಕಾಗಿ ಬಂದಿದೆ. ವಿಜ್ಞಾನ ತನ್ನ ಸಲಕರಣೆಯನ್ನೇ ಹೇಗೆ ಅನುಮಾನಿಸುತ್ತದೆ ಎಂಬುದನ್ನು ತೋರಿಸಲು ಈ ಸಂಗತಿಯನ್ನು ಪಠ್ಯದಲ್ಲಿ ಬಿಡಬಾರದು.

ವರ್ಣತಂತು ನೇರವಾಗಿ ಹೇಗೆ ಕೆಲಸ ಮಾಡೀತು ಎಂಬುದಕ್ಕೆ ಬೇಕಾದ ತಳಹದಿ ಪಠ್ಯಕ್ಕೆ ಹೊಸದೇನೂ ಅಲ್ಲ. ಹೆಣ್ಣಿನ ಪ್ರತಿ ಕೋಶದಲ್ಲೂ ಎರಡು ಎಕ್ಸ್‌ಗಳಲ್ಲಿ ಒಂದು ಸುಮ್ಮನಾಗುತ್ತದೆ ಎಂದು ಮೇರಿ ಲಯನ್ 1961ರಲ್ಲಿ ಪ್ರತಿಪಾದಿಸಿದರು. ಆದರೆ ಮನುಷ್ಯರಲ್ಲಿ ಎಕ್ಸ್‌ನ ಸುಮಾರು 15% ವಂಶವಾಹಿಗಳು ಈ ಮೌನವನ್ನು ತಪ್ಪಿಸಿಕೊಂಡು ಎರಡೂ ಪ್ರತಿಗಳಿಂದ ಕೆಲಸ ಮಾಡುತ್ತವೆ, ಇನ್ನೂ ಸುಮಾರು 10% ವಂಶವಾಹಿಗಳಲ್ಲಿ ಇದು ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗುತ್ತದೆ ಎಂದು 2005ರ ಅಧ್ಯಯನ ತೋರಿಸಿತು. ಇಲಿಯಲ್ಲಿ ಹೀಗೆ ತಪ್ಪಿಸಿಕೊಳ್ಳುವವು ಬಹಳ ಕಡಿಮೆ. ವೈ ವರ್ಣತಂತುವಿನ ವಂಶವಾಹಿಗಳಂತೂ ಗಂಡಿನಲ್ಲಿ ಮಾತ್ರ ಇರುತ್ತವೆ. ಇಲಿಯ ಭ್ರೂಣದಲ್ಲಿ ಜನನಗ್ರಂಥಿಗಳು ಇನ್ನೂ ಬೇರ್ಪಡದ ಹಂತದಲ್ಲೇ ಗಂಡು ಹೆಣ್ಣಿನ ಮಿದುಳಿನಲ್ಲಿ 50ಕ್ಕೂ ಹೆಚ್ಚು ವಂಶವಾಹಿಗಳ ಚಟುವಟಿಕೆ ಬೇರೆಯಾಗಿರುವುದು 2003ರಲ್ಲಿ ಕಂಡುಬಂದಿದೆ. ಆ ಹೊತ್ತಿಗೆ ದೂರಲು ಭ್ರೂಣದ ಜನನಗ್ರಂಥಿಯ ಹಾರ್ಮೋನೇ ಇರುವುದಿಲ್ಲ.

ಮೂರನೆಯದು ಪರಿಸರ. ಇದನ್ನು ಜೀವಶಾಸ್ತ್ರದ ಆಚೆಗಿನ ವಿಷಯವೆಂದು ಸಮಾಜಶಾಸ್ತ್ರದ ಉಪನ್ಯಾಸಕರಿಗೆ ಒಪ್ಪಿಸಿಬಿಡುವುದು ನಮ್ಮಲ್ಲಿ ರೂಢಿ. ಸಂಶೋಧಕಿ ಸೀಲಿಯಾ ಮೂರ್ ಅವರು ಅಧ್ಯಯನ ಮಾಡಿದ ಇಲಿಗಳನ್ನು ನೋಡಿದರೆ ಈ ಹಂಚಿಕೆ ನಿಲ್ಲುವುದಿಲ್ಲ. ತಾಯಿಲಿ ಗಂಡುಮರಿಗಳ ಗುದ ಮತ್ತು ಜನನಾಂಗದ ಭಾಗವನ್ನು ಹೆಣ್ಣುಮರಿಗಳದ್ದಕ್ಕಿಂತ ಹೆಚ್ಚು ನೆಕ್ಕುತ್ತದೆ, ಏಕೆಂದರೆ ಗಂಡುಮರಿಯ ವಾಸನೆ ಬೇರೆ, ಮತ್ತು ಆ ವಾಸನೆಯ ಹಿಂದೆ ಇರುವುದು ಹಾರ್ಮೋನು. ತಾಯಿಯ ಮೂಗಿನ ಶಕ್ತಿಯನ್ನು ಕುಂದಿಸಿ ನೆಕ್ಕುವುದು ಕಡಿಮೆಯಾಗುವಂತೆ ಮಾಡಿದಾಗ, ಬೆನ್ನುಹುರಿಯಲ್ಲಿ ಸಂಭೋಗಕ್ಕೆ ಸಂಬಂಧಿಸಿದ ಸ್ನಾಯುಗಳನ್ನು ನಿಯಂತ್ರಿಸುವ ನರಕೋಶಗಳ ಸಂಖ್ಯೆ ಗಂಡುಮರಿಗಳಲ್ಲಿ ಕಡಿಮೆಯಾಯಿತು. ಈ ಸರಣಿಯಲ್ಲಿ ಹಾರ್ಮೋನು ಎಲ್ಲಿ ಮುಗಿದು ತಾಯ್ತನ ಎಲ್ಲಿ ಆರಂಭವಾಗುತ್ತದೆ ಎಂದು ಗೆರೆ ಎಳೆಯಲು ಪ್ರಯತ್ನಿಸಿದರೆ ಸೋಲುತ್ತೇವೆ.

ಇಷ್ಟೆಲ್ಲ ಹೇಳಿದ ಮೇಲೆ ಮನುಷ್ಯರ ವಿಷಯಕ್ಕೆ ಬಂದಾಗ ಪಠ್ಯ ದನಿಯನ್ನು ತಗ್ಗಿಸಬೇಕು. ಮನುಷ್ಯ ಭ್ರೂಣದ ಮೇಲೆ ಇಂಥ ಪ್ರಯೋಗ ಮಾಡುವಂತಿಲ್ಲ, ಮಾಡಲೂಬಾರದು. ನಮಗೆ ಸಿಗುವುದು ಪ್ರಕೃತಿಯೇ ಒದಗಿಸಿದ ಸಂದರ್ಭಗಳು. ಗಂಡು ಭ್ರೂಣದಲ್ಲಿ ಸುಮಾರು 8ನೇ ವಾರದಿಂದ ಟೆಸ್ಟೋಸ್ಟೆರಾನ್ ಏರಿ ಕೆಲವು ತಿಂಗಳು ಎತ್ತರದಲ್ಲಿರುತ್ತದೆ, ಹುಟ್ಟಿದ ನಂತರದ ಮೊದಲ ತಿಂಗಳುಗಳಲ್ಲಿ ಮತ್ತೊಮ್ಮೆ ಏರಿ ಇಳಿಯುತ್ತದೆ. 21-ಹೈಡ್ರಾಕ್ಸಿಲೇಸ್ ಕಿಣ್ವದ ಕೊರತೆಯಿಂದ ಅಡ್ರಿನಲ್ ಗ್ರಂಥಿ ಹುಟ್ಟಿಗೆ ಮುಂಚೆಯೇ ಆಂಡ್ರೋಜೆನ್‌ಗಳನ್ನು, ಅಂದರೆ ಟೆಸ್ಟೋಸ್ಟೆರಾನ್ ಗುಂಪಿನ ಹಾರ್ಮೋನುಗಳನ್ನು, ಅತಿಯಾಗಿ ಸ್ರವಿಸುವ ಹೆಣ್ಣುಮಕ್ಕಳಿದ್ದಾರೆ. ಅವರು ಸರಾಸರಿಯಲ್ಲಿ ಗಂಡುಮಕ್ಕಳ ಆಟಿಕೆ ಮತ್ತು ಆಟಗಳತ್ತ ಹೆಚ್ಚು ಒಲಿಯುತ್ತಾರೆ ಎಂಬುದು ಹಲವು ದೇಶಗಳಲ್ಲಿ ಮತ್ತೆ ಮತ್ತೆ ಕಂಡ ಸಂಗತಿ, ಆದರೆ ಅವರಲ್ಲಿ ಬಹುಪಾಲು ಜನ ತಮ್ಮನ್ನು ಹೆಣ್ಣೆಂದೇ ಗುರುತಿಸಿಕೊಂಡು ಬದುಕುತ್ತಾರೆ. ಇನ್ನೊಂದೆಡೆ, ಎಕ್ಸ್‌ವೈ ವರ್ಣತಂತುಗಳೂ ವೃಷಣಗಳೂ ಇದ್ದು, ಆಂಡ್ರೋಜೆನ್‌ನ ಸಂದೇಶವನ್ನು ಕೋಶಕ್ಕೆ ಮುಟ್ಟಿಸುವ ಆಂಡ್ರೋಜೆನ್ ಗ್ರಾಹಕ ಮಾತ್ರ ಕೆಲಸ ಮಾಡದವರು ಹೆಣ್ಣಾಗಿ ಬೆಳೆದು, ಬಹುಮಟ್ಟಿಗೆ ಹೆಣ್ಣಾಗಿಯೇ ತಮ್ಮನ್ನು ಕಾಣುತ್ತಾರೆ. ಅವರ ಟೆಸ್ಟೋಸ್ಟೆರಾನ್ ಎಸ್ಟ್ರಾಡಿಯೋಲ್ ಆಗಿ ಬದಲಾಗಲು ಅಡ್ಡಿಯೇನೂ ಇಲ್ಲ. ಆದುದರಿಂದ ಇಲಿಯಲ್ಲಿ ಮುಖ್ಯವಾದ ಆರೊಮಟೇಸ್ ದಾರಿ ಮನುಷ್ಯರಲ್ಲಿ ಅಷ್ಟು ಮುಖ್ಯವಲ್ಲ, ಆಂಡ್ರೋಜೆನ್ ಗ್ರಾಹಕದ ದಾರಿಯೇ ಮುಖ್ಯವಿರಬೇಕು ಎಂದು ತಿಳಿದವರು ಭಾವಿಸುತ್ತಾರೆ. ಗ್ರಾಹಕ ಕೆಲಸ ಮಾಡದ ಈ ಜನರನ್ನು ಹುಟ್ಟಿನಿಂದ ಹೆಣ್ಣೆಂದೇ ಬೆಳೆಸಿರುತ್ತಾರೆ ಎಂಬುದನ್ನೂ ಮರೆಯುವಂತಿಲ್ಲ. ಇಂಥ ದೇಹಸ್ಥಿತಿಯ ಮಕ್ಕಳು ನಮ್ಮ ಬೆಂಚುಗಳ ಮೇಲೂ ಕುಳಿತಿರಬಹುದು. ಆದಕಾರಣ ವಿಕೃತಿ, ದೋಷ ಮೊದಲಾದ ಶಬ್ದಗಳನ್ನು ಈ ಪುಟಗಳಿಂದ ದೂರವಿಡಬೇಕೆಂದು ಪ್ರತ್ಯೇಕವಾಗಿ ಕೋರುತ್ತೇನೆ.

ಮಿದುಳಿನ ಸ್ಕ್ಯಾನ್‌ಗಳ ಬಗ್ಗೆ ಎರಡು ಮಾತು ಸಾಕು. ಗಂಡಸರ ಮಿದುಳು ಸರಾಸರಿಯಲ್ಲಿ ಸುಮಾರು 11% ದೊಡ್ಡದು; ಈ ಗಾತ್ರದ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆ ಉಳಿಯುವ ಭೇದಗಳು ತೀರ ಚಿಕ್ಕವು ಎಂದು ಲೀಸ್ ಎಲಿಯಟ್ ಮತ್ತು ಸಂಗಡಿಗರು 2021ರಲ್ಲಿ ವಾದಿಸಿದರು. ಡಾಫ್ನಾ ಜೋಯೆಲ್ ಅವರ ತಂಡ 2015ರಲ್ಲಿ 1,400ಕ್ಕೂ ಹೆಚ್ಚು ಮಿದುಳುಗಳ ಚಿತ್ರಗಳನ್ನು ನೋಡಿ, ಎಲ್ಲ ಭಾಗಗಳೂ ಗಂಡಿನ ಕೊನೆಯಲ್ಲೇ ಅಥವಾ ಹೆಣ್ಣಿನ ಕೊನೆಯಲ್ಲೇ ಇರುವ ಮಿದುಳುಗಳು ಬಹಳ ವಿರಳ, ಹೆಚ್ಚಿನವು ಎರಡರ ಮಿಶ್ರಣ ಎಂದಿತು. ಎಲ್ಲ ಅಳತೆಗಳನ್ನು ಒಟ್ಟಿಗೆ ಕೊಟ್ಟರೆ ಕಂಪ್ಯೂಟರು ಮಿದುಳು ಯಾರದೆಂದು ಬಹುಪಾಲು ಸರಿಯಾಗಿ ಊಹಿಸುತ್ತದಲ್ಲ ಎಂದು ಬೇರೆಯವರು ಉತ್ತರಿಸಿದರು. ಎರಡೂ ಮಾತುಗಳು ಒಟ್ಟಿಗೆ ನಿಜವಾಗಬಲ್ಲವು. ಊಹಿಸಬಹುದು ಎಂದ ಮಾತ್ರಕ್ಕೆ ಆ ವ್ಯಕ್ತಿ ಯಾವ ವಿಷಯದಲ್ಲಿ ಜಾಣ ಎಂಬುದು ಅದರಿಂದ ತಿಳಿಯುವುದಿಲ್ಲ.

ರಚನೆಯ ಭೇದದಿಂದ ವರ್ತನೆಯ ಭೇದಕ್ಕೆ ಜಿಗಿಯುವವರಿಗೆ ಡಿ ವ್ರೀಸ್ ಒಂದು ತಡೆ ಹಾಕಿದ್ದಾರೆ, ಅದು ನನಗೆ ಈ ಇಡೀ ಕ್ಷೇತ್ರದಲ್ಲೇ ಅತ್ಯಂತ ಇಷ್ಟವಾದ ವಿಚಾರ. ಪ್ರೈರಿ ವೋಲ್ ಎಂಬ ಸಣ್ಣ ದಂಶಕದಲ್ಲಿ ತಂದೆಯೂ ತಾಯಿಯಷ್ಟೇ ಮರಿಗಳನ್ನು ನೋಡಿಕೊಳ್ಳುತ್ತದೆ. ಆದರೆ ತಾಯಿಗೆ ಬಸಿರಿನ ಹಾರ್ಮೋನುಗಳ ನೆರವಿದೆ, ತಂದೆಗಿಲ್ಲ. ತಂದೆಯ ಮಿದುಳಿನಲ್ಲಿ ವಾಸೊಪ್ರೆಸಿನ್ ನರತಂತುಗಳು ತುಂಬ ಹೆಚ್ಚಾಗಿದ್ದು ಆ ಕೊರತೆಯನ್ನು ತುಂಬುತ್ತವೆ. ಅಂದರೆ ಮಿದುಳಿನ ಭೇದ ಇರುವುದೇ ವರ್ತನೆಯಲ್ಲಿ ಭೇದ ಬಾರದಿರಲೆಂದು. ಸ್ಕ್ಯಾನ್‌ನಲ್ಲಿ ಬಣ್ಣ ಬೇರೆ ಕಂಡ ಕೂಡಲೇ ಬುದ್ಧಿ ಬೇರೆ ಎಂದು ಬರೆಯುವ ಪತ್ರಿಕಾ ಲೇಖನಗಳನ್ನು ಓದುವಾಗ ವಿದ್ಯಾರ್ಥಿಗಳ ನೆನಪಿಗೆ ಬರಬೇಕಾದದ್ದು ಈ ವೋಲ್.

ಗಣಿತದ ಮಾತಿಗೆ ಬಂದರೆ ನಮ್ಮ ದೇಶದಲ್ಲೇ ನಡೆದ ಒಂದು ಅಧ್ಯಯನವಿದೆ. ಈಶಾನ್ಯ ಭಾರತದ ಖಾಸಿ ಸಮುದಾಯದಲ್ಲಿ ಆಸ್ತಿ ಹೆಣ್ಣುಮಕ್ಕಳ ಮೂಲಕ ಹರಿಯುತ್ತದೆ, ಅದರ ನೆರೆಯ ಕರ್ಬಿ ಸಮುದಾಯದಲ್ಲಿ ಗಂಡುಮಕ್ಕಳ ಮೂಲಕ. 2011ರಲ್ಲಿ ಹಾಫ್‌ಮನ್, ಗ್ನೀಝಿ ಮತ್ತು ಲಿಸ್ಟ್ ಎಂಬ ಸಂಶೋಧಕರು ಈ ಎರಡು ಸಮುದಾಯಗಳ ಸಾವಿರಕ್ಕೂ ಹೆಚ್ಚು ಜನರಿಗೆ ಆಕಾರ, ಜಾಗಗಳನ್ನು ಗ್ರಹಿಸುವ ಶಕ್ತಿಯನ್ನು ಅಳೆಯಲು ತುಂಡುಗಳನ್ನು ಜೋಡಿಸುವ ಒಂದು ಒಗಟನ್ನು ಕೊಟ್ಟರು. ಕರ್ಬಿ ಹೆಂಗಸರು ಗಂಡಸರಿಗಿಂತ ಗಣನೀಯವಾಗಿ ಹೆಚ್ಚು ಸಮಯ ತೆಗೆದುಕೊಂಡರು. ಖಾಸಿಗಳಲ್ಲಿ ಆ ಅಂತರವೇ ಕಾಣಲಿಲ್ಲ. ಒಂದು ಒಗಟು ಇಡೀ ಬುದ್ಧಿಶಕ್ತಿಯ ಅಳತೆಯಲ್ಲ ಎಂಬುದು ನನಗೆ ಗೊತ್ತಿದೆ. ಆದರೆ ಅವಕಾಶದ ವಿವರಣೆಯನ್ನು ಪರೀಕ್ಷಿಸುವ ಮೊದಲೇ ಹಾರ್ಮೋನಿನ ವಿವರಣೆಗೆ ಓಡಬಾರದು ಎಂದು ಹೇಳಲು ಇದು ಧಾರಾಳವಾಗಿ ಸಾಕು. ನಮ್ಮಲ್ಲಿ ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದಾಗಲೆಲ್ಲ ಹುಡುಗಿಯರೇ ಮೇಲುಗೈ ಎಂಬ ತಲೆಬರಹ ಬರುತ್ತದೆ. ಅದಕ್ಕೆ ಈಸ್ಟ್ರೋಜೆನ್ ಕಾರಣವೆಂದು ಯಾರೂ ಬರೆದದ್ದನ್ನು ನಾನು ಕಂಡಿಲ್ಲ.

ಈ ವಿಷಯ ಪರೀಕ್ಷೆಗೆ ಮಾತ್ರವಲ್ಲ, ಮುಂದೆ ವೈದ್ಯರೂ ಸಂಶೋಧಕರೂ ಆಗುವ ಮಕ್ಕಳಿಗೆ ಕೆಲಸಕ್ಕೂ ಬರುತ್ತದೆ. ನರವಿಜ್ಞಾನದ ಪ್ರಾಣಿ ಪ್ರಯೋಗಗಳಲ್ಲಿ ಗಂಡುಗಳನ್ನು ಮಾತ್ರ ಬಳಸಿದವು ಹೆಣ್ಣುಗಳನ್ನು ಮಾತ್ರ ಬಳಸಿದವುಗಳ ಐದು ಪಟ್ಟಿಗೂ ಹೆಚ್ಚು ಎಂದು 2011ರ ಒಂದು ಸಮೀಕ್ಷೆ ಲೆಕ್ಕ ಹಾಕಿತು. ಹೆಣ್ಣಿಲಿಗಳಲ್ಲಿ ಋತುಚಕ್ರದಿಂದ ಏರುಪೇರು ಹೆಚ್ಚು ಎಂಬುದು ಅದಕ್ಕೆ ಕೊಡುತ್ತಿದ್ದ ನೆಪ. 2014ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಆ ನೆಪ ನಿಲ್ಲಲಿಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 2016ರಿಂದ ತಾನು ಹಣ ಕೊಡುವ ಪ್ರಾಣಿ ಸಂಶೋಧನೆಗಳಲ್ಲಿ ಲಿಂಗವನ್ನು ಒಂದು ಜೈವಿಕ ಅಂಶವಾಗಿ ಪರಿಗಣಿಸಲೇಬೇಕೆಂದು ವಿಧಿಸಿತು.

ನನ್ನ ಕೋರಿಕೆ ದೊಡ್ಡದಲ್ಲ. ಹೊಸ ಅಧ್ಯಾಯ ಬೇಡ, ಪಠ್ಯ ಈಗಾಗಲೇ ಭಾರವಾಗಿದೆ. ಲಿಂಗನಿರ್ಧಾರದ ಪಾಠ ಮುಗಿಯುವಲ್ಲಿ ಈ ಪುಟಗಳು ಬರಲಿ. ಗಿನಿಯಿಲಿಯ ಪ್ರಯೋಗ, ಎರಡು ಬದಿಯ ಹಕ್ಕಿ, ನಾಲ್ಕು ಬಗೆಯ ಇಲಿಗಳು ಮತ್ತು ಖಾಸಿ, ಕರ್ಬಿಗಳ ಒಗಟು ಅವುಗಳಲ್ಲಿರಲಿ. ಯಾವ ಮಾತು ಇಲಿಯಿಂದ ಬಂತು, ಯಾವುದು ಮನುಷ್ಯರಿಂದ ಬಂತು ಎಂಬುದನ್ನು ಪ್ರತಿ ಸಲವೂ ಸ್ಪಷ್ಟವಾಗಿ ಬರೆಯಿರಿ. ಶಿಕ್ಷಕರ ಕೈಪಿಡಿಯಲ್ಲಿ ತುಸು ಹೆಚ್ಚು ವಿವರ ಬೇಕು, ಏಕೆಂದರೆ ಸಂಭೋಗ, ವೃಷಣ ಎಂಬ ಶಬ್ದ ಬಂದ ಕೂಡಲೇ ಪುಟವನ್ನು ಮನೆಯಲ್ಲಿ ಓದಿಕೊಳ್ಳಿ ಎಂದು ಹಾರಿಸುವ ಅಭ್ಯಾಸ ನಮ್ಮಲ್ಲಿ ಕಡಿಮೆಯೇನಲ್ಲ. ಪ್ರಶ್ನೆಪತ್ರಿಕೆಯಲ್ಲಿ ಟೆಸ್ಟೋಸ್ಟೆರಾನ್‌ನ ಕಾರ್ಯವೇನು ಎಂಬ ಒಂದು ಅಂಕದ ಪ್ರಶ್ನೆಯ ಬದಲು, ಎರಡು ಬದಿಯ ಹಕ್ಕಿಯ ವಿವರ ಕೊಟ್ಟು ಇದರಿಂದ ಯಾವ ತೀರ್ಮಾನಕ್ಕೆ ಬರಬಹುದು, ಯಾವುದಕ್ಕೆ ಬರಲಾಗದು ಎಂದು ಐದು ಅಂಕಕ್ಕೆ ಕೇಳಿ. ಈ ಪುಟಗಳ ಕರಡನ್ನು ಕನ್ನಡ ಮಾಧ್ಯಮದಿಂದ ಬಂದ ಮಕ್ಕಳ ಮುಂದೆ ಓದಿ, ಎಲ್ಲಿ ಎಡವುತ್ತಾರೆಂದು ಗುರುತು ಹಾಕಿಕೊಡುವ ಕೆಲಸಕ್ಕೆ ಸಂಭಾವನೆ ಕೇಳದೆ ಬರುವ ಉಪನ್ಯಾಸಕರು ಜಿಲ್ಲೆಗೊಬ್ಬರಾದರೂ ಸಿಗುತ್ತಾರೆ. ನಮ್ಮ ಜಿಲ್ಲೆಯಿಂದ ನಾನು ಸಿದ್ಧಳಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಪದವಿಪೂರ್ವ ಕಾಲೇಜೊಂದರ ಜೀವಶಾಸ್ತ್ರ ಉಪನ್ಯಾಸಕಿ